ಕುರಿಗಿದೆ, ಕೂಸಿಗಿಲ್ಲ

"ಇಲ್ಲ" ಎಂದ ಔಷಧಿ ಅಂಗಡಿಯ ಕಿಟಕಿಯೊಳಗಿನವನು. ಚೀಟಿಯ ಮೇಲೆ ಕಣ್ಣಾಡಿಸಿದನೇ ಹೊರತು ಎದ್ದು ಕಪಾಟಿನ ಕಡೆ ಹೋಗಲಿಲ್ಲ.

"ಎದ್ದು ನೋಡದೇನೇ ಇಲ್ಲ ಅಂದ್ರೆ ಹೇಗೆ ಸಾರ್?"

"ಕುರಿ ಮಾತ್ರೆಯವರು ಅಲ್ವಾ ನೀವು? ಹೋದ ಸಲಾನೇ ಹೇಳಿದ್ದೆ, ಇದೇ ಕೊನೆ ಸ್ಟ್ರಿಪ್ಪು ಅಂತ. ಕಂಪನಿಯವರು ಮಾಡೋದನ್ನೇ ನಿಲ್ಲಿಸಿದ್ದಾರೆ. ಯಾರೂ ಕೇಳಲ್ಲ, ಯಾರೂ ತರಿಸಲ್ಲ. ಜರುಗಿ, ಹಿಂದಿನವರು ಬರಲಿ."

ಹಿಂದಿನವರು ಬಂದರು, ಗುಟುಕಣ್ಣ ಜರುಗಲಿಲ್ಲ. ಅವನ ಕೋಪ ಕಾಲಿನಿಂದ ಏರುವ ಜಾತಿಯದು. ಮೊದಲು ಹೆಬ್ಬೆರಳು ಚಪ್ಪಲಿಯನ್ನು ಕಚ್ಚುತ್ತದೆ. ಆಮೇಲೆ ತೊಡೆ ಬಿಗಿಯುತ್ತದೆ. ಎದೆಗೆ ಬರುವ ಹೊತ್ತಿಗೆ ಅದಕ್ಕೆ ಮಾತು ಹುಟ್ಟಿರುತ್ತದೆ. ಆದರೆ ಆ ದಿನ ಹಿಂದೆ ನಿಂತಿದ್ದವಳು ಬಸುರಿ. ಅವಳ ಮುಖ ನೋಡಿ ಮಾತನ್ನು ನುಂಗಿಕೊಂಡು ಪಕ್ಕಕ್ಕೆ ಬಂದ.

ನುಂಗುವುದು, ನುಂಗಿಸುವುದು ಅವನಿಗೆ ಹೊಸದಲ್ಲ. ಪಶು ಆಸ್ಪತ್ರೆಯಲ್ಲಿ ಕುರಿ ಮೇಕೆಗಳಿಗೆ ಜಂತುಹುಳದ ಔಷಧಿ ಕುಡಿಸುವುದೇ ಅವನ ನೌಕರಿ. ಕುರಿಯನ್ನು ಮೊಣಕಾಲಿನಿಂದ ಗೋಡೆಗೆ ಒತ್ತಿ, ಎಡಗೈಯಲ್ಲಿ ದವಡೆ ಎತ್ತಿ, ಬಾಯಿಯ ಮಗ್ಗುಲಿನಿಂದ ಕೊಳವೆ ತೂರಿಸಿ, "ಗುಟುಕ್ ಅನ್ನು, ತಾಯೀ, ಗುಟುಕ್ ಅನ್ನು" ಎಂದು ಪುಸಲಾಯಿಸುತ್ತಾನೆ. ಕುರಿ ಗುಟುಕ್ ಎನ್ನುವ ತನಕ ಬಿಡುವುದಿಲ್ಲ. ಕುರಿ ತರುವವರು ತಮಾಷೆಗೆ ಇಟ್ಟ ಹೆಸರು ಗುಟುಕಣ್ಣ. ಅದು ಸಂಬಳದ ದಿನದ ಕೂಗಿನವರೆಗೂ ಏರಿ, ಹೆತ್ತವರು ಇಟ್ಟ ಹೆಸರನ್ನು ಮೂಲೆಗೆ ತಳ್ಳಿತ್ತು.

ಮಾತ್ರೆ ಬೇಕಾಗಿದ್ದದ್ದು ಅವನ ಒಬ್ಬಳೇ ಮಗಳಿಗೆ. ಒಂಬತ್ತರ ಹುಡುಗಿ. ಹುಟ್ಟಿದಾಗಿನಿಂದ ಸಣಕಲು, ಅದಕ್ಕೇ ಮನೆಯಲ್ಲಿ ಕಡ್ಡಿ ಎಂದೇ ಹೆಸರು. ಐದು ತುಂಬಿದ ವರ್ಷ ಒಂದು ಬೆಳಿಗ್ಗೆ ಕಣ್ಣು ತೆರೆಯಲಾರದಷ್ಟು ರೆಪ್ಪೆ ಊದಿಸಿಕೊಂಡು ಎದ್ದಳು. ಸಂಜೆಗೆ ಕಾಲು, ಮರುದಿನಕ್ಕೆ ಹೊಟ್ಟೆ. ಮೂತ್ರಪಿಂಡದ ಜರಡಿ ಸಡಿಲವಾಗಿದೆ, ಮೈಯಲ್ಲಿ ಉಳಿಯಬೇಕಾದ ಸತ್ವ ಉಚ್ಚೆಯಲ್ಲಿ ಸೋರಿ ಹೋಗುತ್ತಿದೆ ಎಂದರು. ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಸೋರುವುದು ನಿಂತಿತು. ಮಾತ್ರೆ ಇಳಿಸಿದರು, ಮತ್ತೆ ಸೋರಿತು. ಕೊಟ್ಟರೆ ನಿಲ್ಲುವುದು, ಬಿಟ್ಟರೆ ಸೋರುವುದು. ನೆಗಡಿಯಾದರೆ ಸೋರುವುದು, ಜ್ವರ ಬಂದರೆ ಸೋರುವುದು. ಹೀಗೇ ವರ್ಷಗಳು ಉರುಳಿದವು. ಸೋರುವಿಕೆಯನ್ನು ತಡೆದ ಮಾತ್ರೆಯೇ ಮಗುವನ್ನು ತಿನ್ನತೊಡಗಿತು. ಕೆನ್ನೆ ಉಬ್ಬಿ ಕಣ್ಣು ಒಳಸೇರಿದವು. ಹಣೆಯ ಮೇಲೆ ನವಿರು ಕೂದಲು ಬಂತು. ಎತ್ತರ ಮಾತ್ರ ಇದ್ದಲ್ಲೇ ಇತ್ತು. ಹಸಿವೋ ಹಸಿವು, ಊಟದ ತಟ್ಟೆ ತೊಳೆಯುವ ಮೊದಲೇ ಮತ್ತೆ ಹಸಿವು. ಹಸಿವಿನ ಬೆನ್ನಿಗೇ ಸಿಟ್ಟು. ಶಾಲೆಯಲ್ಲಿ ಬನ್ನು ಎಂದು ಕರೆದ ಹುಡುಗನ ಮೂಗನ್ನು ಕಂಪಾಸ್ ಪೆಟ್ಟಿಗೆಯಿಂದ ಜಜ್ಜಿ ಬಂದಿದ್ದಳು.

ಕಳೆದ ವರ್ಷ ಮೂತ್ರಪಿಂಡದ ಡಾಕ್ಟರಮ್ಮ ಹೊಸ ಮಾತ್ರೆ ಬರೆದಾಗ ಗುಟುಕಣ್ಣ ಹೆಸರು ಓದಿ ಎದ್ದು ನಿಂತಿದ್ದ. ಲೆವಾಮಿಸೋಲ್. ದಿನಾ ಕ್ಯಾನಿನ ಮೇಲೆ ನೋಡುವ ಹೆಸರು.

"ಮೇಡಂ, ಇದು ಕುರಿಗೆ ಕುಡಿಸೋದು."

"ಗೊತ್ತು."

"ನಾವೇನು ಅಷ್ಟು ಕಡೆಯಾಗಿ ಕಂಡ್ವಾ ನಿಮ್ಮ ಕಣ್ಣಿಗೆ?"

"ಕೂತ್ಕೊಳ್ಳಿ. ಕುರಿ ಕುಡಿಯೋ ನೀರೇ ಅಲ್ವಾ ನೀವೂ ಕುಡಿಯೋದು? ಈ ಔಷಧಿಗೆ ಎರಡು ಕೆಲಸ ಬರುತ್ತೆ. ಒಂದು ಕುರಿ ಹೊಟ್ಟೇಲಿ, ಇನ್ನೊಂದು ಇಂಥ ಮಕ್ಕಳ ಮೈಯಲ್ಲಿ. ಇದು ಹಿಡೀತು ಅಂದ್ರೆ ಸ್ಟೀರಾಯ್ಡ್ ಇಳಿಸ್ತಾ ಹೋಗಬಹುದು. ದಿನ ಬಿಟ್ಟು ದಿನ ಒಂದು ಮಾತ್ರೆ, ನಡುನಡುವೆ ರಕ್ತಪರೀಕ್ಷೆ. ಎಲ್ಲ ಮಕ್ಕಳಿಗೂ ಹಿಡಿಯಲ್ಲ. ನೋಡೋಣ."

ಹಿಡಿಯಿತು. ತಿಂಗಳು ತಿಂಗಳು ಸ್ಟೀರಾಯ್ಡ್ ಇಳಿಯಿತು. ಇಳಿದಂತೆಲ್ಲ ಆ ಉಬ್ಬಿದ ಮುಖದೊಳಗಿಂದ ಕಡ್ಡಿಯ ಮುಖ ಮೆಲ್ಲಗೆ ಹೊರಬಂತು. ಮೊದಲು ಕೆನ್ನೆಯ ಮೂಳೆ, ಆಮೇಲೆ ಗದ್ದ. ಗದ್ದ ಕಂಡ ದಿನ ಅವಳಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ದೇವರಿಗೆ ಕೈ ಮುಗಿಯುವುದನ್ನೂ ಮರೆತು ಅತ್ತಳು. ಕಡ್ಡಿ ಓಡಿದಳು, ಜಿಗಿದಳು, ಫ್ರಾಕಿನ ಅಂಚು ಇಳಿಸುವಷ್ಟು ಬೆಳೆದಳು.

ಈಗ ಕಿಟಕಿಯವನು ಇಲ್ಲ ಎಂದಿದ್ದ. ಊರಿನ ಉಳಿದ ಅಂಗಡಿಗಳೂ ಅದನ್ನೇ ಅಂದವು. ಒಬ್ಬ ಮಾತ್ರ ಸ್ವಲ್ಪ ಯೋಚಿಸಿ, "ಪಶು ಆಸ್ಪತ್ರೇಲಿ ಕೇಳಿ ನೋಡಿ" ಎಂದ. ಗುಟುಕಣ್ಣ ಅವನ ಗಲ್ಲಾಪೆಟ್ಟಿಗೆಯ ಮೇಲೆ ಗುದ್ದಿ ಹೊರಗೆ ಬಂದ.

ಪಶು ಆಸ್ಪತ್ರೆಯ ಉಗ್ರಾಣದಲ್ಲಿ ಕ್ಯಾನುಗಳು ನೆಲದಿಂದ ಸೂರಿನವರೆಗೆ ಒಂದರ ಮೇಲೊಂದು ನಿಂತಿದ್ದವು. ಎಲ್ಲದರ ಎದೆಯ ಮೇಲೂ ಅದೇ ಹೆಸರು. ಸಾವಿರ ಕುರಿಗೆ ಸಾಲುವಷ್ಟು. ಸಾಲದೆ ಹೋದರೆ ನಾಳೆಯೇ ಲಾರಿ ತುಂಬ ಬರುವಷ್ಟು. ಅವನು ಬಾಗಿಲಲ್ಲೇ ನಿಂತುಬಿಟ್ಟ. ಕುರಿಗಿದೆ, ಕೂಸಿಗಿಲ್ಲ. ಕುರಿ ಹಿಂಡಾಗಿ ಬರುತ್ತದೆ, ಹಿಂಡಿಗೆ ಒಡೆಯನಿರುತ್ತಾನೆ, ಒಡೆಯನಿಗೆ ಲೆಕ್ಕವಿರುತ್ತದೆ. ಕಾಯಿಲೆಯ ಕೂಸು ಒಂದೊಂದೇ ಬರುತ್ತದೆ. ಒಂಟಿಯಾಗಿ ಬಂದದ್ದರ ಕೂಗು ಯಾವ ಕಂಪನಿಯ ಕಿವಿಗೂ ಬೀಳುವುದಿಲ್ಲ.

"ಏನೋ, ಕ್ಯಾನಿನ ಮುಂದೆ ತಪಸ್ಸು ಮಾಡ್ತಿದ್ದೀಯ?" ಹಿಂದಿನಿಂದ ಪಶುವೈದ್ಯರ ದನಿ. ನಿವೃತ್ತಿಯ ಅಂಚಿನಲ್ಲಿದ್ದ, ಬೈಗುಳವನ್ನೂ ನಗುತ್ತಲೇ ಬೈಯುವ ಮನುಷ್ಯ.

"ಸಾರ್, ಇದೂ ಅದೂ ಒಂದೇ ಅಲ್ವಾ?"

ನಗು ನಿಂತಿತು. "ಹೆಸರು ಒಂದೇ. ಇದರಲ್ಲಿ ಪಿತ್ತಕೋಶದ ಹುಳಕ್ಕೆ ಅಂತ ಇನ್ನೊಂದು ಔಷಧಿ ಬೆರೆಸಿದ್ದಾರೆ. ಬಣ್ಣ ಬೆರೆಸಿದ್ದಾರೆ, ಕೆಡದೇ ಇರೋಕೆ ಇನ್ನೇನೋ ಬೆರೆಸಿದ್ದಾರೆ. ಕುಡಿಯೋದು ಕುರಿ ಅಂತ ತಿಳ್ಕೊಂಡೇ ಮಾಡಿರೋದು. ಒಂಚೂರು ಹೆಚ್ಚಾದ್ರೆ ಕುರಿನೇ ನೊರೆ ಸುರಿಸ್ಕೊಂಡು ನಡುಗುತ್ತೆ, ನೀನೇ ಕಣ್ಣಾರೆ ನೋಡಿದ್ದೀಯ. ಮಗು ವಿಷಯ ಮನಸ್ಸಲ್ಲಿದ್ರೆ ಇಲ್ಲೇ ಉಗುಳಿ ಹೋಗು."

"ಮನಸ್ಸಲ್ಲಿ ಏನಿಲ್ಲ ಸಾರ್."

ಇತ್ತು. ಆ ದಿನವೆಲ್ಲ ಕುರಿಗಳ ದವಡೆ ಎತ್ತುವಾಗ ಅವನ ಕೈ ಒರಟಾಗಿತ್ತು. "ನನ್ನ ಕುರಿ ಏನು ಮಾಡ್ತಪ್ಪಾ ನಿನಗೆ?" ಎಂದು ಒಬ್ಬ ಮುದುಕ ಗೊಣಗಿದ. ಸಂಜೆ ಎಲ್ಲರೂ ಹೋದ ಮೇಲೆ ಗುಟುಕಣ್ಣ ಕೆಮ್ಮಿನ ಔಷಧಿಯ ಖಾಲಿ ಸೀಸೆಯೊಂದನ್ನು ತೊಳೆದು, ಕ್ಯಾನನ್ನು ವಾಲಿಸಿ, ತುಂಬಿಸಿಕೊಂಡ. ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿದ್ದ. ಕುರಿಗೆ ಇಷ್ಟು ತೂಕಕ್ಕೆ ಇಷ್ಟು. ಮಗಳಿಗೆ ಇಷ್ಟು ತೂಕಕ್ಕೆ ಅದರಲ್ಲಿ ಇಷ್ಟು. ಇಷ್ಟು ವರ್ಷ ಕುಡಿಸಿದ ಕೈ, ತಪ್ಪುತ್ತದೆಯೇ?

ಮನೆಯಲ್ಲಿ ಹೆಂಡತಿ ಆಗಷ್ಟೇ ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದಳು. ಅವಳು ಒಂದು ದೊಡ್ಡ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವವಳು. ಇಡೀ ದಿನ ಬಿಸಿಯ ಮುಂದೆ ನಿಂತು ಬಂದವಳಿಗೆ ಮನೆಯಲ್ಲಿ ಯಾರ ಬಿಸಿಯೂ ತಾಗದು. ಬೆಳಿಗ್ಗೆ ಎದ್ದ ಕೂಡಲೇ ಮಗಳ ಉಚ್ಚೆಯನ್ನು ಗಾಜಿನ ನಳಿಗೆಯಲ್ಲಿ ಹಿಡಿದು ಒಲೆಯ ಮೇಲೆ ಕಾಯಿಸಿ, ತಿಳಿಯಾಗೇ ಉಳಿಯಿತೇ, ಸೋರಿಕೆಯ ಗುರುತಾಗಿ ಬೆಳ್ಳಗೆ ಒಡೆಯಿತೇ ಎಂದು ನೋಡುವವಳು ಅವಳೇ. ಎಷ್ಟೋ ತಿಂಗಳಿನಿಂದ ಅದು ತಿಳಿಯಾಗಿತ್ತು.

"ಸಿಕ್ತಾ ರೀ?"

"ಸಿಕ್ತು." ಸೀಸೆಯನ್ನು ಮೇಜಿನ ಮೇಲಿಟ್ಟ.

ಅವಳು ಮುಚ್ಚಳ ತೆಗೆದು ಮೂಸಿದಳು. ಅವಳ ಗಂಡನ ಅಂಗಿಯಲ್ಲಿ ದಿನಾ ಬರುವ ವಾಸನೆ. ಒಗೆದೂ ಒಗೆದೂ ಅವಳಿಗೆ ಅದು ಬಾಯಿಪಾಠ.

ಅವಳ ಬಹುವಚನ ಸಮಾಧಾನದ ಕಾಲದ್ದು. ಅವಳಿಗೆ ಸಿಟ್ಟು ಬಂದರೆ ಗಂಡ ಅವಳ ಬಾಯಲ್ಲಿ ಏಕವಚನಕ್ಕಿಳಿಯುತ್ತಿದ್ದ. "ನಿನಗೇನು ಬುದ್ಧಿ ನೆಟ್ಟಗಿದೆಯಾ?" ಎಂದಳು. ಇಳಿದೇ ಇಳಿದ.

"ಕೂಗಬೇಡ, ಮಗು ಓದ್ತಿದೆ. ಔಷಧಿ ಅದೇನೇ. ಅಳತೆ ನನಗೆ ಗೊತ್ತು."

"ಗೊತ್ತಾ? ಹಿಂಡಲ್ಲಿ ನಿಂತ ಕುರಿ ತೂಕ ಕಣ್ಣಲ್ಲೇ ಹೇಳ್ತೀಯಂತೆ. ಅಲ್ಲಿ ಕೂತಿದ್ದಾಳಲ್ಲ, ಅವಳ ತೂಕ ಹೇಳು."

ಗುಟುಕಣ್ಣ ಮಗಳ ಕಡೆ ನೋಡಿದ. ಗೋಡೆಗೆ ಒರಗಿ, ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡು, ಓದುವವಳಂತೆ ನಟಿಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

"ಇಪ್ಪತ್ತೆಂಟು."

"ಇಪ್ಪತ್ತಮೂರು! ಹೋದ ವಾರ ಆಸ್ಪತ್ರೆ ತಕ್ಕಡಿ ಮೇಲೆ ನಿಂತಿದ್ಲು. ನಿನ್ನ ಕಣ್ಣಲ್ಲಿ ಇನ್ನೂ ಊದ್ಕೊಂಡಿರೋ ಮಗಳೇ ಇದ್ದಾಳೆ."

"ಹಾಗಲ್ಲ. ಯಾವಾಗ್ಲೂ ಒಂಚೂರು ಮೇಲೇ ಹೇಳ್ಬೇಕು. ಹಿಂಡಲ್ಲಿ ದಪ್ಪ ಕುರಿ ಯಾವುದೋ ಅದರ ಅಳತೆನೇ ಎಲ್ಲಕ್ಕೂ. ಕಮ್ಮಿ ಆದ್ರೆ ಹುಳ ಸಾಯಲ್ಲ."

"ಅವಳ ಹೊಟ್ಟೇಲಿ ಹುಳ ಇಲ್ಲ!"

ಗುಟುಕಣ್ಣ ತನ್ನ ಕೈಯನ್ನೇ ನೋಡಿಕೊಂಡ. ಆ ಕೈಗೆ ಇಷ್ಟು ವರ್ಷಗಳಲ್ಲಿ ಒಂದೇ ವಿದ್ಯೆ ಹತ್ತಿತ್ತು: ಅನುಮಾನ ಬಂದರೆ ಹೆಚ್ಚು ಹಾಕು. ಕಮ್ಮಿ ಎಂಬುದು ಆ ಕೈಗೆ ತಿಳಿಯದ ಭಾಷೆ.

ಕಡ್ಡಿ ಪುಸ್ತಕ ಮುಚ್ಚಿ ಕೇಳಿದಳು: "ಅಪ್ಪಾ, ನನ್ನನ್ನೂ ಗೋಡೆಗೆ ಒತ್ತಿ ಹಿಡ್ಕೋತೀಯಾ?"

ಅವಳಿಗೆ ನಗೆಯಾಡುವ ಉದ್ದೇಶವೇ ಇತ್ತೇನೋ. ಅಪ್ಪ ಸೀಸೆಯ ಮುಚ್ಚಳ ತಿರುಗಿಸಿ ಬಿಗಿಮಾಡಿ ಚೀಲಕ್ಕೆ ಹಾಕಿದ. ಮರುದಿನ ಬೆಳಿಗ್ಗೆ ಪಶುವೈದ್ಯರ ಮೇಜಿನ ಮೇಲೆ ತಾನಾಗಿಯೇ ಇಟ್ಟು, ಬೈಸಿಕೊಳ್ಳಲು ನಿಂತ. ಅವರು ಬೈಯಲಿಲ್ಲ. "ಈ ಕೋಪ ಇದೆಯಲ್ಲ, ಇದನ್ನ ತಗೊಂಡು ಸರಿಯಾದ ಬಾಗಿಲಿಗೆ ಹೋಗು. ಇವತ್ತು ರಜೆ ಕೊಟ್ಟಿದ್ದೀನಿ" ಎಂದರು.

ಆ ದಿನ ಆಸ್ಪತ್ರೆಯಲ್ಲಿ ಮೂತ್ರಪಿಂಡದ ಮಕ್ಕಳನ್ನು ನೋಡುವ ದಿನ. ಮೂವರೂ ಹೋದರು. ಡಾಕ್ಟರಮ್ಮ ಕಡ್ಡಿಯ ಕಾಲು ಒತ್ತಿ ನೋಡಿ, ಕಣ್ಣಿನ ಕೆಳಗೆ ನೋಡಿ, "ಚೆನ್ನಾಗಿದ್ದಾಳೆ" ಎಂದರು.

"ಇನ್ನೆಷ್ಟು ದಿನ ಚೆನ್ನಾಗಿರ್ತಾಳೆ ಮೇಡಂ? ಮಾತ್ರೆ ಮುಗೀತು."

ಡಾಕ್ಟರಮ್ಮ ಪೆನ್ನಿನ ತುದಿಯಿಂದ ಹಣೆ ಒತ್ತಿಕೊಂಡರು. "ಕಂಪನಿ ಮಾತ್ರೆ ಇನ್ನು ಬರಲ್ಲ. ಒಂದು ದಾರಿ ಇದೆ. ಮನುಷ್ಯರಿಗೆ ಅಂತಲೇ ಶುದ್ಧ ಮಾಡಿದ ಪುಡಿ ಸಿಗುತ್ತೆ. ಅದನ್ನ ತರಿಸಿ, ನಮ್ಮ ಔಷಧಿ ವಿಭಾಗದಲ್ಲೇ ಅಳತೆ ಪ್ರಕಾರ ಕ್ಯಾಪ್ಸೂಲ್ ತುಂಬಿಸಬಹುದು. ಅದಕ್ಕೆ ಮೇಲ್ಗಡೆ ಖರೀದಿ ಅಧಿಕಾರಿ ಒಪ್ಪಬೇಕು."

ಖರೀದಿ ಅಧಿಕಾರಿಯ ಕೋಣೆ ಮಹಡಿಯ ಮೇಲೆ. ನುಣ್ಣಗೆ ಮಾತಾಡುವ ಮನುಷ್ಯ. "ಒಂದೇ ಒಂದು ಮಗುವಿಗೋಸ್ಕರ ಪುಡಿ ತರಿಸೋಕಾಗುತ್ತೇನ್ರೀ? ಡಬ್ಬಿ ಒಡೆದ ಮೇಲೆ ಇಷ್ಟು ಕಾಲದೊಳಗೆ ಮುಗೀಬೇಕು. ಮುಗೀದೇ ಪುಡಿ ಹಾಳಾದ್ರೆ ಉತ್ತರ ಕೊಡೋರು ಯಾರು?"

"ಮಗು ಹಾಳಾದ್ರೆ ಉತ್ತರ ಕೊಡೋರು ಯಾರು ಸಾರ್?"

"ನನ್ನ ಮೇಲೆ ರೇಗಿದ್ರೆ ಬೇಡಿಕೆ ಹುಟ್ಟಲ್ಲ. ಇಡೀ ಆಸ್ಪತ್ರೇಲಿ ಈ ಔಷಧಿ ಬರೆಸ್ಕೊಂಡಿರೋದು ನೀವೊಬ್ರೇ."

ಗುಟುಕಣ್ಣ ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಕರೆಯುವ ಮೊದಲೇ ಡಾಕ್ಟರಮ್ಮನ ಬಾಗಿಲು ತಳ್ಳಿದ. "ಬೇರೆ ಮಕ್ಕಳಿಗೆ ಯಾಕೆ ಬರೆಯಲ್ಲ ಮೇಡಂ?"

"ಸಿಗದ ಔಷಧೀನ ಬರೆದು ಏನು ಮಾಡ್ಲಿ? ಆ ತಾಯಂದಿರು ಅಂಗಡಿ ಅಂಗಡಿ ಅಲೆದು ನನ್ನ ಶಪಿಸ್ತಾರೆ. ಅದಕ್ಕೇ ಬರೆಯೋದು ಬಿಟ್ಟೆ."

"ನೀವು ಬರೆಯಲ್ಲ, ಅದಕ್ಕೇ ಅವರು ತರಿಸಲ್ಲ. ಅವರು ತರಿಸಲ್ಲ, ಅದಕ್ಕೇ ನೀವು ಬರೆಯಲ್ಲ. ಗಾಣದೆತ್ತು ಕೂಡ ಸುತ್ತು ಬಂದ್ರೆ ಎಣ್ಣೆ ಬರುತ್ತೆ ಮೇಡಂ. ನೀವಿಬ್ರೂ ಸುತ್ತಿ ಸುತ್ತಿ ನಮ್ಮ ಮಕ್ಕಳ ಮುಖ ಊದಿಸ್ತಿದ್ದೀರಿ."

ಒಳಗಿದ್ದ ನರ್ಸಮ್ಮ ತಲೆ ತಗ್ಗಿಸಿದಳು. ಡಾಕ್ಟರಮ್ಮ ಪೆನ್ನನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟರು. "ನನಗೆ ಕೋಪ ಇಲ್ಲ ಅಂದ್ಕೊಂಡ್ರಾ? ಇದೆ. ಮಡಿಸಿ ಇಟ್ಟಿದ್ದೀನಿ. ದಿನಾ ಅದನ್ನೇ ಉಟ್ಕೊಂಡು ಬಂದ್ರೆ ಈ ಕೆಲಸ ಮಾಡೋಕಾಗಲ್ಲ."

"ಬಿಚ್ಚಿ ಮೇಡಂ. ಇವತ್ತೊಂದು ದಿನ ಬಿಚ್ಚಿ."

ಡಾಕ್ಟರಮ್ಮ ಖಾಲಿ ಚೀಟಿಗಳ ಕಟ್ಟನ್ನು ಹತ್ತಿರ ಎಳೆದುಕೊಂಡರು. "ಯಾರಿಗೆ ಒಗ್ಗುತ್ತೋ ಅವರಿಗೆ ಮಾತ್ರ ಬರೀತೀನಿ. ಬಲವಂತ ಮಾಡೋ ಹಾಗಿಲ್ಲ" ಎಂದರು.

ಹೊರಗಿನ ಮೊಗಸಾಲೆಯಲ್ಲಿ ಬೆಂಚುಗಳ ತುಂಬ ಮಕ್ಕಳು. ಅಷ್ಟು ಸಲ ಬಂದಿದ್ದರೂ ಗುಟುಕಣ್ಣ ಅವರನ್ನು ಒಟ್ಟಾಗಿ ನೋಡಿದ್ದು ಅದೇ ಮೊದಲು. ಕಪ್ಪಗಿದ್ದವರು, ಬೆಳ್ಳಗಿದ್ದವರು, ಉಳ್ಳವರ ಮಕ್ಕಳು, ಇಲ್ಲದವರ ಮಕ್ಕಳು. ಮುಖ ಮಾತ್ರ ಒಂದೇ. ಅದೇ ಉಬ್ಬಿದ ಕೆನ್ನೆ, ಅದೇ ಒಳಸೇರಿದ ಕಣ್ಣು, ಅದೇ ನವಿರು ಹಣೆ. ಒಂದೇ ಬಸಿರಿನಲ್ಲಿ ಹುಟ್ಟಿದವರಂತೆ, ಒಂದೇ ಮೂಸೆಯಲ್ಲಿ ಎರಕ ಹೊಯ್ದವರಂತೆ ಸಾಲಾಗಿ ಕೂತಿದ್ದರು. ಒಡೆಯನಿಲ್ಲದ ಹಿಂಡು. ಅವನ ಕೋಪ ಈ ಸಲ ಕಾಲಿನಿಂದ ಏರಲಿಲ್ಲ. ಎಲ್ಲ ಕಡೆಯಿಂದಲೂ ಒಮ್ಮೆಗೇ ಬಂತು.

"ಅಮ್ಮಂದಿರಾ, ಅಣ್ಣಂದಿರಾ, ಸ್ವಲ್ಪ ಕೇಳಿ!" ಹಟ್ಟಿಯಲ್ಲಿ ಕೂಗಿ ಪಳಗಿದ ದನಿ. ಮೊಗಸಾಲೆಯ ಆ ತುದಿಯ ತಲೆಗಳೂ ತಿರುಗಿದವು. "ಸ್ಟೀರಾಯ್ಡ್ ಕಮ್ಮಿ ಮಾಡೋ ಔಷಧಿ ಒಂದಿದೆ. ಕೇಳೋರಿಲ್ಲ ಅಂತ ತರಿಸ್ತಿಲ್ಲ. ಬನ್ನಿ, ಕೇಳೋಣ."

"ಯಾವ ಔಷಧಿನಪ್ಪಾ?" ಮೊಮ್ಮಗನನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದ ಒಬ್ಬ ಅಜ್ಜಿ ಕೇಳಿದಳು. ಗುಟುಕಣ್ಣ ಹೆಸರು ಹೇಳಿದ. ಪಕ್ಕದವನೊಬ್ಬ, "ಅಯ್ಯೋ, ಅದು ಕುರಿ ಔಷಧಿ. ನಮ್ಮನೇಲಿ ಮೇಕೆಗೆ ಕುಡಿಸ್ತೀವಿ" ಎಂದ.

"ನೋಡಿದ್ರಾ!" ಅಜ್ಜಿ ದನಿಯೇರಿಸಿದಳು. "ದುಡ್ಡಿದ್ದೋರ ಮಕ್ಕಳಿಗೆ ಒಳ್ಳೇದು, ನಮ್ಮ ಮಕ್ಕಳಿಗೆ ಕುರಿದಾ? ಹೋಗಪ್ಪಾ, ಹೋಗು. ನಮ್ಮ ಹುಡುಗ ಮ್ಯಾ ಅಂದ್ರೆ ನೀನು ಬಂದು ಮೇಯಿಸ್ತೀಯಾ?"

ಜನ ನಕ್ಕರು. ಅದೇ ಮಾತನ್ನು ತಾನೂ ಆಡಿದ್ದವನಾದ್ದರಿಂದ ಗುಟುಕಣ್ಣನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. "ನಾನೇ ಕುಡಿಸೋನು ಅಜ್ಜಿ, ಅದೇ ನನ್ನ ಕೆಲಸ. ಕುರಿದು ಬೇರೆ, ಇದು ಬೇರೆ. ಕುರಿದನ್ನ ಮನೇಲಿ ಯಾರಾದ್ರೂ ಮಗು ಬಾಯಿಗೆ ಹಾಕಿದ್ರೆ ಕೈ ಕಡೀತೀನಿ. ನಾನೇ ನಿನ್ನೆ ಹಾಕೋಕೆ ಹೋಗಿ ಮನೆಯೋಳ ಕೈಲಿ ಉಗಿಸ್ಕೊಂಡಿದ್ದೀನಿ."

"ಚೆನ್ನಾಗೇ ಉಗಿದೆ" ಎಂದಳು ಹೆಂಡತಿ. ಅವಳು ಚೀಲದಿಂದ ಶಾಲೆಯ ಹಳೇ ಗುರುತಿನ ಚೀಟಿ ತೆಗೆದು ಅಜ್ಜಿಯ ಕೈಗಿಟ್ಟಳು. ಅದರ ಫೋಟೋದಲ್ಲಿ ಬೆಂಚಿನ ಮೇಲಿದ್ದ ಎಲ್ಲ ಮಕ್ಕಳ ಮುಖವೇ ಇತ್ತು. ಅಜ್ಜಿ ಫೋಟೋ ನೋಡಿದಳು, ಎದುರಿಗೆ ನಿಂತ ಕಡ್ಡಿಯನ್ನು ನೋಡಿದಳು.

"ಸುಳ್ಳು" ಎಂದ ಅವಳ ಮಡಿಲಲ್ಲಿದ್ದ ಮೊಮ್ಮಗ. "ನಿನಗೆ ನಮ್ಮ ಕಾಯಿಲೆ ಇಲ್ಲ."

"ಇದೆ ಕಣೋ" ಎಂದಳು ಕಡ್ಡಿ. "ಮುಟ್ಟಿ ನೋಡು ಬೇಕಾದ್ರೆ. ಮೊದಲು ಇಲ್ಲೆಲ್ಲ ನಿನ್ನ ಥರಾನೇ ಇತ್ತು."

ಹುಡುಗ ಕೈ ಚಾಚಿ ಅವಳ ಗದ್ದ ಮುಟ್ಟಿದ. ಆಮೇಲೆ ತನ್ನದನ್ನು ಮುಟ್ಟಿಕೊಂಡು, ಬೆರಳಿಗೆ ಸಿಗದೆ, ಅಜ್ಜಿಯ ಕಡೆ ತಿರುಗಿದ. ಅಜ್ಜಿ ಎದ್ದು ನಿಂತಳು.

ಡಾಕ್ಟರಮ್ಮ ಒಬ್ಬೊಬ್ಬರನ್ನಾಗಿ ಕರೆದು ನೋಡಿದರು. ಈ ಹುಡುಗನಿಗೆ ರಕ್ತದ ಬಿಳಿಕಣ ಕಮ್ಮಿ, ಬೇಡ. ಈ ಮಗುವಿಗೆ ಬೇರೆ ಔಷಧಿ ಒಗ್ಗಿದೆ, ಬೇಡ. ಇವಳಿಗೆ ಸರಿ, ಇವನಿಗೆ ಸರಿ. ಸರಿ ಎಂದವರಿಗೆಲ್ಲ ಬರೆದರು. ಬೇಡ ಎನ್ನಿಸಿಕೊಂಡವರೂ ಮನೆಗೆ ಹೋಗದೆ ಮಹಡಿ ಹತ್ತಿದರು.

ಅಧಿಕಾರಿಯ ಕೋಣೆ ತುಂಬಿತು. ಹಟ್ಟಿಯ ಅಭ್ಯಾಸ, ಗುಟುಕಣ್ಣ ಎಲ್ಲರನ್ನೂ ಒಳಗೆ ಬಿಟ್ಟು ಕೊನೆಗೆ ತಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಅಜ್ಜಿ ಮೊಮ್ಮಗನನ್ನು ಎತ್ತಿ ಮೇಜಿನ ಮೇಲೆಯೇ ಕೂರಿಸಿದಳು.

"ಇದೇನಮ್ಮಾ, ಇಳಿಸಿ ಇಳಿಸಿ!"

"ಬೇಡಿಕೆ ಇಲ್ಲ ಅಂದ್ರಂತೆ. ಇದೋ, ಬೇಡಿಕೆ. ಮುಖ ಸರಿಯಾಗಿ ನೋಡಿ ಸ್ವಾಮೀ."

ಅಧಿಕಾರಿ ನುಣ್ಣನೆಯ ಮಾತುಗಳನ್ನು ಒಂದೊಂದಾಗಿ ಹೊರತೆಗೆದರು. ಮೇಲಿನವರಿಗೆ ಬರೆಯೋಣ, ಸಭೆಯಲ್ಲಿಡೋಣ, ಪರಿಶೀಲಿಸೋಣ. ಒಂದೊಂದಕ್ಕೂ ಯಾವುದೋ ಒಬ್ಬ ತಾಯಿಯ ಉತ್ತರ. ಒಬ್ಬಳು, ತನ್ನ ಮಗನಿಗೆ ಸ್ಟೀರಾಯ್ಡಿನಿಂದ ಕಣ್ಣಿನ ಪೊರೆ ಬರುತ್ತಿದೆ ಎಂದಳು. ಕೂಗಲಿಲ್ಲ, ಅಷ್ಟನ್ನೇ ಹೇಳಿ ಮಗನನ್ನು ಮುಂದೆ ನಿಲ್ಲಿಸಿದಳು. ಹುಡುಗನ ಕಣ್ಣು ನೋಡಿ ಅಧಿಕಾರಿ ಪುಡಿ ತರಿಸುವ ಪತ್ರಕ್ಕೆ ಸಹಿ ಹಾಕಿದರು.

ಸಹಿ ಆಯಿತು. ಪುಡಿ ಬರಬೇಕಲ್ಲ! ಇವತ್ತು ನಾಳೆ ಎನ್ನುತ್ತಲೇ ವಾರಗಳು ಕಳೆದವು. ಗುಟುಕಣ್ಣ ಊಟದ ಬಿಡುವಿನಲ್ಲಿ ಆಸ್ಪತ್ರೆಗೆ ಓಡಿ ಬಂದು ಕೇಳಿ ಹೋಗುವನು. ಮೊದಲು ದಾರಿಯಲ್ಲಿದೆ ಎಂದರು, ಆಮೇಲೆ ತಪಾಸಣೆಯಲ್ಲಿದೆ ಎಂದರು, ಅದೂ ಮುಗಿದ ಮೇಲೆ ಕ್ಯಾಪ್ಸೂಲಿನ ಖಾಲಿ ಕೋಶ ಬರಬೇಕು ಎಂದರು. ಮನೆಯಲ್ಲಿ ಮಾತ್ರೆ ಮುಗಿದು ಬಹಳ ದಿನವಾಗಿತ್ತು. ಶಾಲೆಯೊಂದನ್ನು ಬಿಟ್ಟು ಗಂಡ ಹೆಂಡತಿ ಮಗಳನ್ನು ಗಾಳಿಗೂ ತೋರಿಸದೆ ಕಾದರು. ತರಗತಿಯಲ್ಲಿ ಯಾರೋ ಸೀನಿದರು, ಅಷ್ಟೇ.

ಬೆಳಿಗ್ಗೆ ಹೆಂಡತಿ ನಳಿಗೆಯನ್ನು ಬೆಂಕಿಯಿಂದ ತೆಗೆದು ಬೆಳಕಿಗೆ ಹಿಡಿದಳು. ಒಡೆದ ಹಾಲಿನಂತೆ ಬೆಳ್ಳಗೆ ನಿಂತಿತ್ತು. ಅವಳು ಕೂಗಿ ಕರೆಯಲಿಲ್ಲ. ಅವನು ಅವಳ ಬೆನ್ನು ನೋಡಿಯೇ ತಿಳಿದುಕೊಂಡ.

ಮತ್ತೆ ಸ್ಟೀರಾಯ್ಡ್, ತುಂಬು ಪ್ರಮಾಣದಲ್ಲಿ, ಪ್ರತಿದಿನ. ಅಪ್ಪನೇ ಅಂಗೈಯಲ್ಲಿಟ್ಟು ಕೊಟ್ಟ. ಕಡ್ಡಿ ಹಟ ಮಾಡದೆ ನುಂಗಿದಳು. ಅದು ಅವನಿಗೆ ಹಟಕ್ಕಿಂತ ಕಷ್ಟವಾಯಿತು. ಕೆಲವೇ ವಾರದಲ್ಲಿ ಗದ್ದ ಹೋಯಿತು, ಕೆನ್ನೆಯ ಮೂಳೆ ಹೋಯಿತು. ಹಸಿವು ಬಂತು, ಸಿಟ್ಟು ಬಂತು. ತಟ್ಟೆ ಎಸೆದಳು. ಕನ್ನಡಿಗೆ ಬೆನ್ನು ಹಾಕಿ ತಲೆ ಬಾಚಿಕೊಂಡಳು.

ಕ್ಯಾಪ್ಸೂಲ್ ಸಿದ್ಧವಾದದ್ದು ಆಮೇಲೆ. ಮೊದಲ ಸಲ ಹಂಚುವ ದಿನ ಮೊಗಸಾಲೆ ತುಂಬಿತ್ತು. ಡಾಕ್ಟರಮ್ಮ ಕಡ್ಡಿಯನ್ನು ಪರೀಕ್ಷಿಸಿ, "ಸೋರೋದು ಇನ್ನೂ ಪೂರ್ತಿ ನಿಂತಿಲ್ಲ. ನಿಂತ ಮೇಲೇ ನಿನಗೆ ಶುರು ಮಾಡೋದು ಪುಟ್ಟೀ. ನಿನ್ನ ಪಾಲು ಎತ್ತಿಟ್ಟಿದ್ದೀನಿ" ಎಂದರು. ಹೇಳುವಾಗ ಗುಟುಕಣ್ಣನ ಕಣ್ಣು ತಪ್ಪಿಸಲಿಲ್ಲ. ಅದಕ್ಕಾಗಿ ಅವನಿಗೆ ಅವರ ಮೇಲೆ ಗೌರವ ಬಂತು, ಕೋಪ ಇಳಿಯಲಿಲ್ಲ.

ಅಜ್ಜಿ ಪೊಟ್ಟಣವನ್ನು ಎದೆಗೊತ್ತಿಕೊಂಡು ಬಂದಳು. "ನಿನ್ನಿಂದ ಆಯ್ತು ಕಣಪ್ಪಾ. ನಿನ್ನ ಹೊಟ್ಟೆ ತಣ್ಣಗಿರಲಿ." ಆಮೇಲೆ ಕಡ್ಡಿಯ ಮುಖ ನೋಡಿ, ಪೊಟ್ಟಣವನ್ನು ಸೊಂಟದಲ್ಲಿ ಬಚ್ಚಿಟ್ಟುಕೊಂಡು, ತಪ್ಪು ಮಾಡಿದವಳಂತೆ ಸರಿದು ನಿಂತಳು.

ಆಗ ಖರೀದಿ ಅಧಿಕಾರಿ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಫೋನು, ಮುಖದ ತುಂಬ ನಗು. ಸಂತೋಷದ ದಿನ, ನೆನಪಿಗೊಂದು ಫೋಟೋ ಇರಲಿ, ಮಕ್ಕಳೆಲ್ಲ ಹೀಗೆ ಬನ್ನಿ ಎಂದರು. ಸಾಲು ನಿಲ್ಲಿಸಿ ಅತ್ತಿತ್ತ ಹುಡುಕಿದರು.

"ಏನ್ರೀ, ಅವತ್ತು ಕರ್ಕೊಂಡು ಬಂದಿದ್ರಲ್ಲ, ಆ ತೆಳ್ಳನೆ ಹುಡುಗಿ ಎಲ್ಲಿ? ಮುಂದೆ ಅವಳೇ ನಿಲ್ಲಬೇಕು. ಔಷಧಿ ಏನು ಮಾಡುತ್ತೆ ಅಂತ ನೋಡಿದೋರಿಗೆ ಗೊತ್ತಾಗಬೇಕು."

ಕಡ್ಡಿ ಅವರ ಎದುರಿಗೇ ನಿಂತಿದ್ದಳು. ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು.

ಗುಟುಕಣ್ಣ ಬಾಯಿ ತೆರೆಯುವಷ್ಟರಲ್ಲಿ ಮಗಳೇ ಮಾತಾಡಿದಳು. ಅಗಿಯುತ್ತಲೇ.

"ಅವಳನ್ನ ನಾನೇ ತಿಂದ್ಬಿಟ್ಟೆ."

ಅಧಿಕಾರಿ ಅರ್ಥವಾಗದೆ ನಕ್ಕರು. ನಗು ಮುಗಿಯುವ ಮೊದಲೇ ಅರ್ಥವಾಯಿತು. ಫೋನು ಹಿಡಿದ ಕೈ ಕೆಳಗಿಳಿಯಿತು.

"ಹಸಿವಾಗಿತ್ತು" ಎಂದಳು ಕಡ್ಡಿ. "ನೀವು ಪುಡಿ ತರೋವರೆಗೂ ಕಾಯೋಕಾಗಲಿಲ್ಲ."

ಗುಟುಕಣ್ಣ ಅವರ ಹತ್ತಿರ ಹೋದ. ಕೂಗಲಿಲ್ಲ. ಕೂಗಿದ್ದರೆ ಆ ಮನುಷ್ಯನಿಗೆ ಸುಲಭವಾಗುತ್ತಿತ್ತು, ಕಾವಲಿನವನನ್ನು ಕರೆಯಬಹುದಿತ್ತು.

"ಸಾರ್, ಈ ಡಬ್ಬಿ ಮುಗಿಯೋದು ಯಾವಾಗ?"

"ಇನ್ನೂ... ಈಗ ತಾನೇ ಶುರು ಆಗಿದೆ ಅಲ್ವಾ. ಮುಗೀತಾ ಬಂದಾಗ ನೋಡೋಣ."

"ಮುಗೀತಾ ಬಂದಾಗ ನೋಡಿದ್ದಕ್ಕೇ ಇವಳು ಹೀಗಾಗಿದ್ದು. ಮುಂದಿನ ಡಬ್ಬಿಗೆ ಇವತ್ತೇ ಬರೆಯಿರಿ. ಇಲ್ಲೇ ಬರೆಯಿರಿ."

"ಇದೇನು ನಿಂತ ನಿಲುವಲ್ಲಿ ಆಗೋ ಕೆಲಸಾನಾ? ಅದಕ್ಕೊಂದು ಕ್ರಮ ಇದೆ."

ಯಾರೂ ಅಲ್ಲಾಡಲಿಲ್ಲ. ಪೊಟ್ಟಣ ಸಿಕ್ಕಿದವರು ಮನೆಯ ದಾರಿ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಅಜ್ಜಿ ಮೆಟ್ಟಿಲಿಗೆ ಅಡ್ಡವಾಗಿ ಕೂತು ಕಾಲು ಚಾಚಿದಳು. ಕಣ್ಣಿನ ಪೊರೆಯ ಹುಡುಗನ ತಾಯಿ ಅವಳ ಪಕ್ಕದಲ್ಲಿ ಕೂತಳು. ಒಳಗಿನಿಂದ ಡಾಕ್ಟರಮ್ಮ ಎದ್ದು ಬಂದು, ಒಂದು ಖಾಲಿ ಹಾಳೆಯನ್ನೂ ತಮ್ಮ ಪೆನ್ನನ್ನೂ ಅಧಿಕಾರಿಯ ಮುಂದೆ ಹಿಡಿದರು.

ಅಧಿಕಾರಿ ಗೋಡೆಗೆ ಹಾಳೆ ಒತ್ತಿ ಹಿಡಿದು ಬರೆಯತೊಡಗಿದರು. ಗುಟುಕಣ್ಣ ಅವರ ಭುಜದ ಮೇಲಿಂದ ಒಂದೊಂದು ಅಕ್ಷರವನ್ನೂ ಓದುತ್ತ ನಿಂತ. ಪಕ್ಕದಲ್ಲಿ ಮಗಳು ಬ್ರೆಡ್ಡು ಮುಗಿಸಿ, ಅಮ್ಮನ ತೋಳು ಹಿಡಿದೆಳೆದು, ಇನ್ನೂ ಬೇಕು, ಈಗಲೇ ಬೇಕು ಎಂದು ರೇಗುತ್ತಿದ್ದಳು. ಅವಳನ್ನು ಯಾರೂ ಸುಮ್ಮನಿರಿಸಲಿಲ್ಲ.